ಬೆರಳ ತುದಿಯ ರಕ್ತ

ಆಗಸ್ಟ್ ಹನ್ನೊಂದು. ಸ್ಲೈಡ್ ನಂಬರ್ ನಾನೂರ ಆರು.
ಸುಗಂಧಾ ಹರಿಕಾಂತ, ಇಪ್ಪತ್ತೊಂದು, ಬೈತಖೋಲ,
ಚೊಚ್ಚಲು, ಆರನೇ ತಿಂಗಳು, ಮೂರು ದಿನದಿಂದ ಚಳಿಜ್ವರ.
ಕೊನೆಯ ಕಾಲಮ್ಮಿನಲ್ಲಿ ನನ್ನದೇ ಅಕ್ಷರ:
ನೆಗೆಟಿವ್.

ಸುಳ್ಳಲ್ಲ ಅದು.
ಎಣ್ಣೆಯ ಹನಿ ಬಿಟ್ಟು ನೂರು ಫೀಲ್ಡ್ ನೋಡಿದ್ದೆ.
ನಡುವೆ ಕರೆಂಟ್ ಹೋದಾಗ ಕನ್ನಡಿ ತಿರುಗಿಸಿ
ಕಿಟಕಿಯ ಬೆಳಕಲ್ಲೇ ನೋಡಿದ್ದೆ,
ಕೆಂಪುಕಣದೊಳಗೆ ಹರಳಿನುಂಗುರದ ಹಾಗೆ
ಕೂತಿರುತ್ತದಲ್ಲ, ಅದನ್ನು ಹುಡುಕುತ್ತ.
ಇರಲಿಲ್ಲ.

ಚೀಟಿ ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತ ಕೇಳಿದಳು:
‘ಹಂಗಾರೆ ಏನಿಲ್ಲ ಅಲ್ವನ್ರಾ?’
ಏನಿಲ್ಲ ಅಂದೆ.
ತಲೆ ಎತ್ತದೆ ಅಂದೆ.
ನಾನೂರ ಏಳರ ಬಣ್ಣ ಒಣಗುತ್ತಿತ್ತು.

ಬಂದರಿನಲ್ಲಿ ಆ ವಾರವಷ್ಟೇ ದೋಣಿಗಳು ನೀರಿಗಿಳಿದಿದ್ದವು.
ಮೀನುಗಾರಿಕೆ ನಿಂತ ಎರಡು ತಿಂಗಳು
ದಡಕ್ಕೆಳೆದ ದೋಣಿಗಳ ಹೊಟ್ಟೆಯಲ್ಲಿ ಮಳೆನೀರು,
ನೀರಿನ ಮೈಗೆ ಮೈಯಾನಿಸಿ
ಅಡ್ಡಡ್ಡ ಮಲಗಿದ ಮರಿಗಳು.
ನಾನೇ ಸೌಟಿನಲ್ಲಿ ಎತ್ತಿ ಎಣಿಸಿದ್ದೆ,
ಹನ್ನೆರಡು ದೋಣಿ. ಹದಿಮೂರನೆಯದು
ಯಾರದ್ದೆಂದು ಗೊತ್ತಾಗಲಿಲ್ಲ, ಬಿಟ್ಟು ಬಂದಿದ್ದೆ.

ನವೆಂಬರಿನಲ್ಲಿ ದಿನ ತುಂಬಿಯೇ ಬಂತು ಮಗು. ಹೆಣ್ಣು.
ಅರ್ಸುಲಾ ಸಿಸ್ಟರ್ ತಕ್ಕಡಿಯನ್ನು ಸೊನ್ನೆಗೆ ತರುವಷ್ಟರಲ್ಲಿ
ಅತ್ತೆ ಬುದವಂತಿ ಎರಡೂ ಅಂಗೈ ಒಡ್ಡಿ ಎತ್ತಿಕೊಂಡು
ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂಗಿ,
‘ಒಂದೂಮುಕ್ಕಾಲು’ ಅಂದಳು.
ನಲವತ್ತು ವರ್ಷ ಮೀನು ಮಾರಿದ ಕೈ.
ಆಮೇಲೆ ದನಿ ಇಳಿಸಿ,
‘ಒಂದು ಸಣ್ಣ ಇಸೋಣದಷ್ಟೂ ಇಲ್ಲವಲ್ಲೇ.’

ತಕ್ಕಡಿ ಹೇಳಿತು: ಸಾವಿರದ ಏಳುನೂರ ಅರವತ್ತು.
ಹತ್ತು ಗ್ರಾಂ ಜಾಸ್ತಿ. ಯಾರೂ ನಗಲಿಲ್ಲ.

ಮಾಸು ಬೇಸಿನ್ನಿನಲ್ಲಿತ್ತು.
ಅದರ ಪರೀಕ್ಷೆಗೆ ಯಾರೂ ಚೀಟಿ ಬರೆದಿರಲಿಲ್ಲ.
ಒಂದು ಹನಿ ಕೊಡಿ ಸಿಸ್ಟರ್, ಅಂದೆ.
ಯಾಕೆ ಅನ್ನಲಿಲ್ಲ ಆಕೆ.

ಎಣಿಸಬೇಕಾಗಲೇ ಇಲ್ಲ.
ಮೊದಲ ಫೀಲ್ಡಿನಲ್ಲೇ ಇದ್ದವು
ಒಲೆಯ ಹಿಂದಿನ ಗೋಡೆಗೆ ಹಿಡಿದ ಮಸಿಯ ಹಾಗೆ
ಕಂದುಗಪ್ಪು ಹುಡಿ, ಹುಡಿಯ ನಡುವೆ
ಉಂಡು ಬಲಿತು ತಳ ಊರಿದವು.
ಬೆರಳಿನವರೆಗೆ ಬರುವ ಗರಜೇ ಇರಲಿಲ್ಲ ಅವಕ್ಕೆ.
ಬಡಿಸುವ ಮನೆ ಬಿಟ್ಟು ಬೀದಿಗೆ ಯಾರು ಬರುತ್ತಾರೆ?
ತಾಯಿಯಿಂದ ಮಗುವಿಗೆ ಇರುವುದೊಂದೇ ದಾರಿ,
ಅಲ್ಲಿ ಮಾಜಾಳಿ ಗೇಟಿನ ಹಾಗೆ ಅಡ್ಡಗೋಲು ಹಾಕಿ
ಮೂರು ತಿಂಗಳು
ತುತ್ತುತುತ್ತಿಗೂ ಸುಂಕ ಮುರಿದುಕೊಂಡಿದ್ದವು.

ಬುದವಂತಿಗೆ ಹೇಳಲೇಬೇಕಾಯಿತು.
ಅವತ್ತು ಬೆರಳಿನ ರಕ್ತದಲ್ಲಿ ಕಾಣಲಿಲ್ಲ ಅಮ್ಮಾ, ಅಂದೆ,
ನೂರು ಸಲ ನೋಡಿದ್ದೆ, ಅಂದೆ.
ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.
‘ಬಲೆಗೆ ಬೀಳ್ಲಿಲ್ಲ ಅಂದ್ರೆ
ಸಮುದ್ರದಾಗೆ ಮೀನೇ ಇಲ್ಲ ಅಂತಾ ಆಯ್ತನೇ ತಂಗೀ?’
ಅಂದು ಬಾಟಲಿಗೆ ಬಿಸಿನೀರು ತರಲು ಹೋದಳು.

ಸುಗಂಧಾಗೆ ಗುಳಿಗೆ ಶುರುವಾಯಿತು.
ಮಗು ಅವಳೆದೆಯ ಮೇಲೆ, ಬರಿಮೈಗೆ ಬರಿಮೈ,
ಸೀರೆಯ ಸೆರಗಿನಲ್ಲಿ ಕಟ್ಟಿದ ಹಾಗೆ.
ಮಂಚದ ಕಾಲಿಗೆ ನೇತ ಹಾಳೆಯಲ್ಲಿ
೧೭೬೦, ೧೭೨೦, ೧೭೦೫, ಮತ್ತೆ ೧೭೦೫.
ದಿನವೂ ಊಟದ ಹೊತ್ತಿಗೆ ಹೋಗಿ ಓದಿ ಬರುತ್ತೇನೆ,
ನನಗೆ ಆ ವಾರ್ಡಿನಲ್ಲಿ ಯಾವ ಕೆಲಸವೂ ಇಲ್ಲ.

ರಿಜಿಸ್ಟರ್ ತಿದ್ದುವಂತಿಲ್ಲ, ಗೊತ್ತು.
ಆದರೂ ನಿನ್ನೆ ಸಂಜೆ ಆಗಸ್ಟಿನ ಪುಟ ತೆರೆದು
ನಾನೂರ ಆರರ ಎದುರು, ಆ ನೆಗೆಟಿವ್ ಮುಂದೆ,
ಪೆನ್ಸಿಲಿನಲ್ಲಿ ಒಂದೇ ಪದ ಸೇರಿಸಿದೆ:
ಬೆರಳಲ್ಲಿ.

ಇವತ್ತು ಬುದವಂತಿ ಪೇಟೆ ಮುಗಿಸಿ ನೇರ ಬಂದಳು.
ಎರಡು ಸಲ ಸೋಪು ಹಾಕಿದರೂ ಬಂಗಡೆ ನಾರುವ ಕೈ,
ಮೂರನೇ ಸಲ ತೊಳೆಸಿದರು ಸಿಸ್ಟರ್.
ಎತ್ತಿದಳು. ಕಣ್ಣು ಮುಚ್ಚಿ ತೂಗಿದಳು.
ನನ್ನ ಕಡೆ ತಿರುಗಿ, ರೇಟು ಹೇಳುವ ದನಿಯಲ್ಲಿ,
‘ಒಂದು ಶೆಟ್ಲಿಯಷ್ಟು ಏರಿತು’ ಅಂದಳು.

ತಕ್ಕಡಿ ಹದಿನೈದು ಗ್ರಾಂ ಅಂದಿತು.
ಎಷ್ಟು ದೊಡ್ಡ ಶೆಟ್ಲಿ, ಎಂದು ಕೇಳಲಿಲ್ಲ ನಾನು.